ಓಡದ ಕಾರಿಗೂ ವಯಸ್ಸಾಗುತ್ತದೆ: ಸರ್ವೀಸಿಗೊಂದು ವರ್ಷಗಳ ಲೆಕ್ಕ

ಕಾಸರಗೋಡು: ಕಾರು ಕೊಳ್ಳುವಾಗ ಬೆಲೆ, ತೆರಿಗೆ, ವಿಮೆ, ಬ್ಯಾಂಕಿನ ಕಂತು ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಮುಂದಿನ ಹದಿನೈದು ವರ್ಷ ಅದಕ್ಕೆ ಯಾವಾಗ ಏನು ಮಾಡಿಸಬೇಕು ಎಂಬ ಲೆಕ್ಕ ಮಾತ್ರ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ಉಚಿತ ಸರ್ವೀಸ್ ಮುಗಿಯುವ ತನಕ ಷೋರೂಮಿನವರೇ ಫೋನ್ ಮಾಡಿ ನೆನಪಿಸುತ್ತಾರೆ. ಅನಂತರ ಏನಾದರೂ ಸದ್ದು ಬಂದಾಗ ವರ್ಕ್‌ಶಾಪಿಗೆ ಹೋಗುವುದೇ ರೂಢಿ.

ಗಡಿನಾಡಿನ ಹಳ್ಳಿಗಳಲ್ಲಿ ಇನ್ನೊಂದು ವಿಶೇಷವಿದೆ. ಯಜಮಾನರು ಗಲ್ಫ್‌ನಲ್ಲಿ, ಕಾರು ಮನೆಯ ಶೆಡ್ಡಿನಲ್ಲಿ. ಪೇಟೆಗೆ, ಮದುವೆಗೆ, ಆಸ್ಪತ್ರೆಗೆಂದು ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ‘ಓಡಿಯೇ ಇಲ್ಲ, ಸರ್ವೀಸ್ ಯಾಕೆ?’ ಎಂದು ಕೇಳುವವರು ಬಹಳ. ಉತ್ತರ ಕಾರಿನ ಜತೆ ಬಂದ ಪುಸ್ತಕದಲ್ಲೇ ಇದೆ. ಈಗಿನ ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು. ಕಿಲೋಮೀಟರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ವರ್ಷವನ್ನು ಯಾರೂ ಓದುವುದಿಲ್ಲ.

ಎಂಜಿನ್ ಆಯಿಲ್ ಕಡಿಮೆ ಓಡುವ ಕಾರಿನಲ್ಲೂ ಹಾಳಾಗುತ್ತದೆ. ಎರಡು ಮೂರು ಕಿಲೋಮೀಟರ್ ಓಡಿ ನಿಂತರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಒಳಗೆ ಕೂಡಿದ ತೇವ ಆರಿಹೋಗದೆ ಆಯಿಲಿಗೆ ಸೇರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಲೇಬೇಕು. ಏರ್ ಫಿಲ್ಟರನ್ನು ಆಗಾಗ ಬಿಚ್ಚಿ ನೋಡಬೇಕು. ಮುರಕಲ್ಲಿನ ಕೆಂಪು ಧೂಳಿನ ದಾರಿಯಲ್ಲಿ ಓಡುವ ಕಾರಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗನೆ ಹೊಸದು ಬೇಕಾಗುತ್ತದೆ.

ಜೀವಕ್ಕೆ ಸಂಬಂಧಿಸಿದ್ದು ಬ್ರೇಕ್ ಆಯಿಲ್. ಖರ್ಚು ಕಡಿಮೆ, ಮರೆವು ಜಾಸ್ತಿ. ಈ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ಗುಣವಿದೆ. ‘ಡಾಟ್ 4’ ಎಂಬ ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹಿಡಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ, ಅಥವಾ ವಯನಾಡಿನಿಂದ ತಾಮರಶ್ಶೇರಿ ಚುರಂನ 9 ತಿರುವು ಇಳಿಯುವಾಗ ಬ್ರೇಕ್ ತುಳಿಯುತ್ತಲೇ ಇದ್ದರೆ ಅದು ವಿಪರೀತ ಬಿಸಿಯಾಗುತ್ತದೆ. ದ್ರವ ಕುದಿದು ಗುಳ್ಳೆ ಎದ್ದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹನ್ನೊಂದು ತಿಂಗಳು ಶೆಡ್ಡಿನಲ್ಲಿದ್ದು, ರಜೆಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಟ್ಟ ಹತ್ತುವ ಕಾರಿಗೆ ಈ ಅಪಾಯ ಹೆಚ್ಚು. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕು. ಮೇಲಿನಿಂದ ಸ್ವಲ್ಪ ತುಂಬಿಸಿದರೆ ಸಾಲದು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯುವುದು ಹಳೆಯ ಡ್ರೈವರುಗಳ ಬುದ್ಧಿ, ಈಗಲೂ ಅದೇ ಸರಿ.

ಟಯರಿಗೂ ಇದೇ ಮಾತು. ಗುಂಡಿ ಚೆನ್ನಾಗಿ ಕಾಣುತ್ತದೆಂದು ಹತ್ತು ವರ್ಷದ ಟಯರನ್ನೇ ಓಡಿಸುವವರಿದ್ದಾರೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಬಿರುಕು ಇದೆಯೇ ಎಂದು ತೋರಿಸಬೇಕು. ಗುಂಡಿಯ ಆಳ 1.6 ಮಿ.ಮೀ.ಗೆ ಇಳಿದರೆ ವಯಸ್ಸು ನೋಡದೆ ಬದಲಿಸಬೇಕು. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಕ್ಷೇಮ. ಸ್ಟೆಪ್ನಿಯನ್ನೂ ಮರೆಯಬಾರದು.

ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ನಿಂತ ಕಾರಿನಲ್ಲಿ ಬೇಗ ಸಾಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ನಂಬಿಕೆಯ ಒಬ್ಬರನ್ನು ಗೊತ್ತು ಮಾಡಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ, ವಯರ್ ಕಡಿಯುವ ಇಲಿಯ ಸುಳಿವೂ ಸಿಗುತ್ತದೆ. ರೇಡಿಯೇಟರಿಗೆ ಬಾವಿ ನೀರು ಬೇಡ, ಪುಸ್ತಕದಲ್ಲಿ ಹೇಳಿದ ಕೂಲಂಟೇ ಬೇಕು.

ದೊಡ್ಡ ಖರ್ಚು ತರುವುದು ಟೈಮಿಂಗ್ ಬೆಲ್ಟ್. ಮಾರುತಿ 800ರಂಥ ಹಳೆಯ ಕಾರುಗಳಲ್ಲೂ ಕೆಲವು ಹೊಸ ಕಾರುಗಳಲ್ಲೂ ಎಂಜಿನ್ನಿನೊಳಗೆ ರಬ್ಬರ್ ಬೆಲ್ಟ್ ಇದೆ, ಉಳಿದವುಗಳಲ್ಲಿ ಚೈನ್. ಓಡುವಾಗ ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಬೆಲ್ಟಿನ ಬೆಲೆಯ ಹಲವು ಪಟ್ಟು ದುಡ್ಡು ಹೋಗುತ್ತದೆ. ತಮ್ಮ ಕಾರಿನಲ್ಲಿ ಯಾವುದಿದೆ, ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದನ್ನು ಇಂದೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಹೀಗೆ ಬರೆದಿಟ್ಟರೆ ಖರ್ಚಿನ ವರ್ಷಗಳು ತಾವಾಗಿ ಕಾಣುತ್ತವೆ. ಮೊದಲ ಮೂರು ವರ್ಷ ಹಗುರ. ನಾಲ್ಕು, ಐದರಲ್ಲಿ ಬ್ಯಾಟರಿ ಮತ್ತು ಟಯರ್ ಒಟ್ಟಿಗೆ ಬರಬಹುದು. ಏಳೆಂಟರ ನಂತರ ಕ್ಲಚ್, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್. ಅಡಿಕೆ ಮಾರಿದ ದುಡ್ಡು ಕೈಗೆ ಬರುವ ತಿಂಗಳಿಗೆ ದೊಡ್ಡ ಕೆಲಸ ಇಟ್ಟುಕೊಂಡು, ವೈಪರ್, ಬ್ರೇಕ್ ಪ್ಯಾಡ್, ಅಡಿಭಾಗದ ತುಕ್ಕಿನ ತಪಾಸಣೆಯನ್ನು ಮೇ ತಿಂಗಳಲ್ಲಿ ಮುಗಿಸಿದರೆ ಮಳೆಗಾಲ ನಿಶ್ಚಿಂತೆ. ಕಡಲ ಕರೆಯ ಮನೆಯವರು ತುಕ್ಕಿನ ವಿಷಯದಲ್ಲಿ ಮತ್ತಷ್ಟು ಜಾಗ್ರತೆ ವಹಿಸಬೇಕು.

ಹದಿನೈದನೇ ವರ್ಷಕ್ಕೆ ಆರ್.ಸಿ. ಅವಧಿ ಮುಗಿಯುತ್ತದೆ. ಆರ್.ಟಿ.ಓ. ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್ 1ರಿಂದ ಬಹಳ ಏರಿದೆ. ಆದ್ದರಿಂದ ಹದಿಮೂರು, ಹದಿನಾಲ್ಕನೇ ವರ್ಷದಲ್ಲಿ ದೊಡ್ಡ ರಿಪೇರಿಗೆ ದುಡ್ಡು ಹಾಕುವ ಮೊದಲು ಕಾರು ಇಟ್ಟುಕೊಳ್ಳುವುದೋ ಕೊಡುವುದೋ ತೀರ್ಮಾನಿಸಬೇಕು.

ಮಂಗಳೂರಿನಿಂದ ಹಳೆಯ ಕಾರು ತರುವವರು ಬಣ್ಣ ನೋಡುವ ಮೊದಲು ಸರ್ವೀಸ್ ಬಿಲ್ಲುಗಳನ್ನು ಕೇಳಲಿ. ಬ್ರೇಕ್ ಆಯಿಲ್, ಬೆಲ್ಟ್ ಬದಲಿಸಿದ ದಾಖಲೆ ಇಲ್ಲವಾದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಜತೆಗೆ ಕರ್ನಾಟಕದ ಆರ್.ಟಿ.ಓ.ದಿಂದ ಎನ್.ಓ.ಸಿ. ಪಡೆಯಬೇಕು. ಬೇರೆ ರಾಜ್ಯದ ನಂಬರಿನ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕೇರಳದ ನಂಬರಿಗೆ ಅರ್ಜಿ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ.