ಹಾಜರಿ ಪುಸ್ತಕ ಮತ್ತು ಗಸ್ತಿನ ದಾರಿ: ಪೊಲೀಸು ವ್ಯವಸ್ಥೆಯಿಂದ ಅಪರಾಧ ತಗ್ಗಿದ್ದು ಎಲ್ಲಿ?

1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ‘ಐದನೆಯ ವರದಿ’ ದಕ್ಷಿಣದ ಹಳ್ಳಿಯ ಆಡಳಿತವನ್ನು ವಿವರಿಸುವಾಗ ಪಟೇಲ, ಶಾನುಭೋಗರ ಜೊತೆಗೆ ಇಬ್ಬರು ಕಾವಲಿನವರನ್ನೂ ಹೆಸರಿಸುತ್ತದೆ. ಒಬ್ಬ ತಳವಾರ, ಇನ್ನೊಬ್ಬ ತೋಟಿ. ಅಪರಾಧಗಳ ಸುಳಿವು ಹಿಡಿಯುವುದು, ಊರಿಂದೂರಿಗೆ ಹೊರಟವರಿಗೆ ಬೆಂಗಾವಲಾಗಿ ನಡೆಯುವುದು ತಳವಾರನ ಕೆಲಸ. ತೋಟಿ ಊರ ಎಲ್ಲೆಯೊಳಗೇ ಇದ್ದು ಬೆಳೆ ಕಾಯಬೇಕು, ಫಸಲು ಅಳೆಯುವಾಗ ನೆರವಾಗಬೇಕು. ಈ ಕೆಲಸಕ್ಕೆ ಅವರಿಗೆ ಸಿಗುತ್ತಿದ್ದುದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಕಣದಿಂದ ಬರುವ ಆಯ. ಈ ವ್ಯವಸ್ಥೆಯನ್ನು ಹೊಗಳಿ ಕೂರುವುದು ಸರಿಯಲ್ಲ. ಅದು ಜಾತಿಗೆ ಕಟ್ಟಿಹಾಕಿದ ದುಡಿಮೆ. ಕಳ್ಳರೊಂದಿಗೆ ತಳವಾರನೂ ಶಾಮೀಲೆಂಬ ದೂರು ಕಂಪನಿಯ ಅಧಿಕಾರಿಗಳ ಬರಹಗಳಲ್ಲಿ ಸಾಕಷ್ಟಿದೆ. ಆದರೂ ಒಂದು ಸಂಗತಿ ಗಮನಿಸಬೇಕು. ಇಬ್ಬರ ಕಾವಲೂ ಒಂದು ಜಾಗಕ್ಕೆ, ಒಂದು ಹೊತ್ತಿಗೆ ಸಂಬಂಧಪಟ್ಟದ್ದು: ಕತ್ತಲಿಳಿದ ದಾರಿ, ಬಲಿತು ನಿಂತ ಪೈರು, ರಾಶಿ ಹಾಕಿದ ಕಣ.

ಕಾನೂನು ಪಾಲನೆಯಿಂದ ಅಪರಾಧ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಕಳೆದ ಇನ್ನೂರು ವರ್ಷಗಳಲ್ಲಿ ಪೊಲೀಸರು ಎರಡು ಬಗೆಯಲ್ಲಿ ಕಣ್ಣಿಟ್ಟಿದ್ದಾರೆ. ಒಂದು ಜಾಗದ ಮೇಲೆ, ಇನ್ನೊಂದು ಕುಲದ ಮೇಲೆ. ಈ ಎರಡರ ಫಲ ಒಂದೇ ಆಗಿಲ್ಲ ಎಂಬುದು ಈ ಲೇಖನದ ವಾದ.

ಕುಲದ ಮೇಲೆ ಕಣ್ಣಿಡುವ ಪದ್ಧತಿಯ ಬೇರು ಹುಡುಕುತ್ತ ಹೋದರೆ ದಾರಿಹೋಕರ ಕೊರಳು ಬಿಗಿದು ದೋಚುವವರೆಂದು ಹೆಸರಾದ ಥಗ್ಗರ ಪ್ರಕರಣಕ್ಕೆ ಬರುತ್ತೇವೆ. ದಕ್ಷಿಣದ ‘ಫಾಂಸಿಗಾರ’ರ ಬಗ್ಗೆ ಮದ್ರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಲೇಖನ ಬರೆದ. ಆಮೇಲೆ ಮಧ್ಯ ಭಾರತದಲ್ಲಿ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ ಮಾಫಿಸಾಕ್ಷಿಗಳ ಹೇಳಿಕೆಯಿಂದಲೇ ಥಗ್ಗರ ವಂಶವೃಕ್ಷಗಳನ್ನು ಬರೆಸಿದ. 1836ರ ಕಾಯಿದೆ ಬಂದ ಮೇಲೆ ಯಾರನ್ನು ಯಾವಾಗ ಕೊಂದ ಎಂದು ರುಜುವಾತು ಮಾಡುವ ಅಗತ್ಯವೇ ಉಳಿಯಲಿಲ್ಲ. ಗುಂಪಿಗೆ ಸೇರಿದವನೆಂದು ತೋರಿಸಿದರೆ ಜೀವಾವಧಿ ಸೆರೆ. ಈ ವಿಷಯಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ಓದುಗ ವರ್ಗವನ್ನು ತಂದದ್ದು 1839ರಲ್ಲಿ ಪ್ರಕಟವಾದ ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿ. ಅದರ ಕರ್ತೃ ಫಿಲಿಪ್ ಮೆಡೋಸ್ ಟೇಲರ್ ಮುಂದೆ ನಮ್ಮ ಸುರಪುರದ ಆಡಳಿತ ನೋಡಿಕೊಂಡವನು. ಕೃತ್ಯಕ್ಕಿಂತ ಸಂಬಂಧವೇ ಅಪರಾಧ ಎಂಬ ತರ್ಕ ಕಾನೂನಿನೊಳಗೆ ಬೇರೂರಿದ್ದು ಈ ದಶಕಗಳಲ್ಲಿ.

1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯಿದೆಗೆ ಮಾದರಿಯಾದದ್ದು ಲಂಡನ್ನಿನ ನಿರಾಯುಧ ಗಸ್ತಿಗಿಂತ ಹೆಚ್ಚಾಗಿ ಐರ್ಲೆಂಡಿನ ಅರೆಸೈನಿಕ ದಳ. ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿಗೆ ಕೊಟ್ಟ ಪೊಲೀಸರ ಮೊದಲ ಕರ್ತವ್ಯ ಅಪರಾಧ ನಡೆಯದಂತೆ ನೋಡಿಕೊಳ್ಳುವುದಾಗಿತ್ತು. ಇಲ್ಲಿ ಖಜಾನೆ, ಕಂದಾಯ, ಸರ್ಕಾರಿ ಶಾಂತಿ ಮುಂದೆ ನಿಂತವು. ಠಾಣೆಗಳು ವಿರಳ, ಪೇದೆಗಳು ಕಡಿಮೆ. ಇಷ್ಟು ಸಣ್ಣ ದಳ ಇಷ್ಟು ದೊಡ್ಡ ನಾಡನ್ನು ಕಾಯುವುದು ಹೇಗೆ? ಸರ್ಕಾರ ಕಂಡುಕೊಂಡ ಉತ್ತರಗಳಲ್ಲಿ ಅತಿ ಕ್ರೂರವಾದದ್ದು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ.

ಆ ಕಾಯಿದೆ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಂದು ಪಂಗಡ ಚಾಳಿಬಿದ್ದು ಅಪರಾಧ ಮಾಡುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ಸಾಕು, ಅಧಿಸೂಚನೆ ಹೊರಡುತ್ತಿತ್ತು. ಆ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಕಾಯಿದೆಯೇ ಹೇಳಿತ್ತು. ಪಂಗಡದ ಜನ ಹೆಸರು ನೋಂದಾಯಿಸಬೇಕು, ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು, ಗೊತ್ತುಪಡಿಸಿದ ಎಲ್ಲೆ ದಾಟುವುದಾದರೆ ಪಾಸು ಪಡೆಯಬೇಕು. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಇಡಲು ದಾರಿ ಮಾಡಿತು. 1911ರ ಕಾಯಿದೆಯಿಂದ ಬೆರಳಚ್ಚು ಸೇರಿತು, ಮದ್ರಾಸು ಪ್ರಾಂತವೂ ಒಳಗೆ ಬಂತು. ಮದ್ರಾಸಿನಲ್ಲಿ ಕೆಲವರಿಗೆ ಹಾಜರಿಯ ವೇಳೆ ರಾತ್ರಿ 11 ಗಂಟೆ ಮತ್ತು ಬೆಳಗಿನ ಜಾವ 3 ಗಂಟೆ. ಹಗಲೆಲ್ಲ ಕೂಲಿ ಮಾಡಿದವನು ಆ ಎರಡು ಹಾಜರಿಯ ನಡುವೆ ನಿದ್ದೆ ಮಾಡುವುದು ಯಾವಾಗ, ಮರುದಿನ ಗುದ್ದಲಿ ಹಿಡಿಯುವುದು ಹೇಗೆ? ಮಗುವಿಗೆ ಜ್ವರ ಬಂದು ಪಕ್ಕದೂರಿನ ನಂಟರ ಮನೆಯಲ್ಲಿ ಉಳಿದರೂ ಅವನು ಕಾನೂನಿನ ಕಣ್ಣಿಗೆ ತಪ್ಪಿತಸ್ಥ.

ಅಂಕಿಅಂಶದ ಮೂಲ ದೋಷ ಇಲ್ಲಿಯೇ ಇದೆ. ಹಾಜರಿ ತಪ್ಪಿಸಿದ್ದು, ಪಾಸಿಲ್ಲದೆ ಹೋದದ್ದು ಬೇರೆ ಯಾರಿಗೂ ಅಪರಾಧವಲ್ಲ. ಅಧಿಸೂಚಿತರಿಗೆ ಮಾತ್ರ ಶಿಕ್ಷೆ. ಹೀಗೆ ಶಿಕ್ಷೆಯಾದ ಪ್ರತಿಯೊಬ್ಬನೂ ಆ ಪಂಗಡದಲ್ಲಿ ಎಷ್ಟು ಜನ ಸಜಾ ಅನುಭವಿಸಿದ್ದಾರೆ ಎಂಬ ಲೆಕ್ಕಕ್ಕೆ ಒಂದು ಅಂಕಿಯಾಗಿ ಸೇರುತ್ತಿದ್ದ. ಆ ಲೆಕ್ಕವನ್ನೇ ಮುಂದಿಟ್ಟು ಪಂಗಡ ಅಪಾಯಕಾರಿ ಎಂದು ಸಾಧಿಸಬಹುದಿತ್ತು. ಕಾಯಿದೆ ತಾನೇ ಅಪರಾಧ ಹುಟ್ಟಿಸಿ, ಅದನ್ನೇ ತನ್ನ ಅಗತ್ಯಕ್ಕೆ ಸಾಕ್ಷಿಯಾಗಿ ತೋರಿಸುತ್ತಿತ್ತು. ಈ ಕಾರಣಕ್ಕೆ ಆ ಕಾಲದ ವಾರ್ಷಿಕ ಆಡಳಿತ ವರದಿಗಳ ಸಂಖ್ಯೆಗಳನ್ನು ಹಾಗೆಯೇ ಎತ್ತಿಕೊಂಡು ಅಪರಾಧದ ಏರಿಳಿತ ಬರೆಯುವ ಇತಿಹಾಸವನ್ನು ನಾನು ನಂಬುವುದಿಲ್ಲ.

ಈ ಕಾಯಿದೆಗೆ ಒಳಗಾದ ಕೊರಚ, ಕೊರಮರ ಕಥೆ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸುತ್ತದೆ. ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿ ಒಳನಾಡಿಗೆ ತಂದು ಧಾನ್ಯಕ್ಕೆ ಬದಲಾಯಿಸುತ್ತಿದ್ದವರು ಇವರು. ಸರ್ಕಾರದ ಉಪ್ಪಿನ ನೀತಿ, ರೈಲು, ಅರಣ್ಯದ ಕಟ್ಟುಪಾಡು ಒಂದರ ಮೇಲೊಂದು ಬಂದು ಆ ವ್ಯಾಪಾರ ಮುರಿದದ್ದನ್ನು ಮೀನಾ ರಾಧಾಕೃಷ್ಣ ಅವರ ಅಧ್ಯಯನ ವಿವರವಾಗಿ ತೋರಿಸಿದೆ. ಅಲೆಮಾರಿ ವ್ಯಾಪಾರಿ ಕಸುಬಿಲ್ಲದ ಅಲೆಮಾರಿಯಾದ. ಸರ್ಕಾರಿ ಕಡತದಲ್ಲಿ ಆ ಎರಡನೆಯ ಚಿತ್ರ ಮಾತ್ರ ಉಳಿಯಿತು. ಮದ್ರಾಸು ಪ್ರಾಂತದ ಡಕಾಯಿತಿಗಳನ್ನು ಅಭ್ಯಸಿಸಿದ ಇತಿಹಾಸಕಾರ ಡೇವಿಡ್ ಅರ್ನಾಲ್ಡ್, ಅವು ಬರ ಮತ್ತು ಧಾನ್ಯದ ಬೆಲೆಯ ಜೊತೆಗೆ ಏರುತ್ತಿದ್ದುದನ್ನು ಗುರುತಿಸಿದ್ದಾರೆ. ಬಳ್ಳಾರಿಯನ್ನೂ ಮೈಸೂರನ್ನೂ ನುಂಗಿದ 1876–78ರ ಬರ ಅಂಥದೊಂದು ಕಾಲ. ಡಕಾಯಿತಿ ಹುಟ್ಟಿನಿಂದ ಬಂದ ಗುಣವಾಗಿದ್ದರೆ ಜೋಳದ ಬೆಲೆ ನೋಡಿಕೊಂಡು ಏಕೆ ಏರಬೇಕಿತ್ತು?

ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಉತ್ತರ ಭಾಗದಲ್ಲಿ ಈ ಕಾಯಿದೆ ‘ಸೆಟ್ಲಮೆಂಟ್’ ರೂಪದಲ್ಲಿ ಬಂತು. ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಘಂಟಿಚೋರ್, ಹರಣಶಿಕಾರಿ, ಛಪ್ಪರಬಂದ್, ಕೊರವ ಕುಟುಂಬಗಳನ್ನು ತಂದು ಇರಿಸಲಾಯಿತು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಜನ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೇಳುತ್ತಾರೆ. ಈ ಯೋಜನೆಯ ರೂವಾರಿ ಅಧಿಕಾರಿ ಸ್ಟಾರ್ಟ್. ಬರೀ ಬೇಲಿ ಹಾಕಿದರೆ ಸಾಲದು, ಕೂಲಿ ಕೊಡುವ ಕೆಲಸ, ಮಕ್ಕಳಿಗೆ ಶಾಲೆ ಬೇಕು ಎಂದು ಅವನು ನಂಬಿದ್ದ. ಹಾಗಾಗಿ ಗಿರಣಿ, ರೈಲ್ವೆ ಕಾರ್ಯಾಗಾರಗಳಿದ್ದ ಊರುಗಳೇ ಆಯ್ಕೆಯಾದವು. ಅಲ್ಲಿ ಕಳವು ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಹಾಜರಿಯೋ, ತಿಂಗಳ ಪಗಾರವೋ? ಎರಡನ್ನೂ ಒಟ್ಟಿಗೆ ಹೇರಿದ್ದರಿಂದ ಆಗಿನ ದಾಖಲೆಗಳಿಂದ ಇದನ್ನು ಬೇರ್ಪಡಿಸಲು ಬರುವುದಿಲ್ಲ. ನನ್ನ ಒಲವು ಪಗಾರದ ಕಡೆಗೆ. ದುಡಿಮೆ ಸಿಕ್ಕಿದ್ದಕ್ಕೆ ಬೇಲಿಗೆ ಕೀರ್ತಿ ಕೊಡಬೇಕಾದ ಕಾರಣ ಕಾಣುವುದಿಲ್ಲ.

ಜಾಗದ ಮೇಲೆ ಕಣ್ಣಿಡುವ ಪದ್ಧತಿಗೆ ಸಾಕ್ಷ್ಯ ಬೇರೆ ದೇಶಗಳಿಂದ, ಬಹಳ ತಡವಾಗಿ ಬಂತು. ಮೊದಲನೆಯದು ಯುದ್ಧ ತಂದಿಟ್ಟ ಪರೀಕ್ಷೆ. 1944ರ ಸೆಪ್ಟೆಂಬರ್ 19ರಂದು ಜರ್ಮನ್ ಸೈನ್ಯ ಡೆನ್ಮಾರ್ಕಿನ ಪೊಲೀಸು ದಳವನ್ನು ವಿಸರ್ಜಿಸಿ ಸುಮಾರು 2,000 ಮಂದಿಯನ್ನು ಸೆರೆ ಶಿಬಿರಗಳಿಗೆ ಸಾಗಿಸಿತು. ಯುದ್ಧ ಮುಗಿಯುವವರೆಗೆ ಕೋಪನ್‌ಹೇಗನ್ ನಗರವನ್ನು ಕಾದದ್ದು ಆಯುಧವಿಲ್ಲದ ತಾತ್ಕಾಲಿಕ ಕಾವಲು ಪಡೆ. ನಾರ್ವೆಯ ಕಾನೂನು ವಿದ್ವಾಂಸ ಯೋಹಾನೆಸ್ ಆಂಡೆನೆಸ್ ದಾಖಲಿಸಿದಂತೆ ದರೋಡೆಗಳು 1943ರಲ್ಲಿ ತಿಂಗಳಿಗೆ ಹತ್ತರ ಆಸುಪಾಸು ಇದ್ದದ್ದು ನೂರು ಮೀರಿದವು. ಹಣ ದುರುಪಯೋಗ, ವಂಚನೆಗಳು ಮಾತ್ರ ಅಷ್ಟೇನೂ ಏರಲಿಲ್ಲ. ಅಲ್ಲಿ ಮಾಡಿದವನು ಯಾರೆಂದು ಸಾಮಾನ್ಯವಾಗಿ ಗೊತ್ತಿರುತ್ತದೆ. ಸಿಕ್ಕವರಿಗೆ ಶಿಕ್ಷೆಯನ್ನು ಬಹಳ ಬಿಗಿಗೊಳಿಸಿದರೂ ದರೋಡೆ ನಿಲ್ಲಲಿಲ್ಲ. ಶಿಕ್ಷೆಯ ಕಠೋರತೆಗಿಂತ ಸಿಕ್ಕಿಬೀಳುವ ಖಚಿತತೆ ಮುಖ್ಯ ಎಂದು ಇಟಲಿಯ ಬೆಕಾರಿಯಾ 1764ರಲ್ಲೇ ವಾದಿಸಿದ್ದ. ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಅದು ಕಣ್ಣಿಗೆ ಕಾಣಿಸಿತು.

ಹಾಗಾದರೆ ಪೊಲೀಸರು ಹೆಚ್ಚಿದಷ್ಟೂ ಅಪರಾಧ ಇಳಿಯಬೇಕಲ್ಲ? ಅಮೆರಿಕದ ಕನ್ಸಾಸ್ ಸಿಟಿ ಇದನ್ನು 1972ರ ಅಕ್ಟೋಬರಿನಿಂದ ಒಂದು ವರ್ಷ ಪರೀಕ್ಷಿಸಿತು. 15 ಬೀಟ್‌ಗಳನ್ನು ಮೂರು ಪಾಲು ಮಾಡಿದರು. ಐದರಲ್ಲಿ ದಿನದ ಗಸ್ತನ್ನೇ ನಿಲ್ಲಿಸಿ, ಕರೆ ಬಂದರಷ್ಟೇ ಕಾರು ಒಳಗೆ ಹೋಗುವಂತೆ ಮಾಡಿದರು. ಐದರಲ್ಲಿ ಗಸ್ತನ್ನು ಎರಡು-ಮೂರು ಪಟ್ಟು ಏರಿಸಿದರು. ಉಳಿದ ಐದರಲ್ಲಿ ಎಂದಿನಂತೆ. ವರ್ಷದ ಕೊನೆಗೆ ಕನ್ನ, ವಾಹನ ಕಳವು, ದರೋಡೆಗಳಲ್ಲಾಗಲಿ, ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತು ವ್ಯರ್ಥ ಎಂಬ ತೀರ್ಮಾನ ಆಗ ಅನೇಕರಲ್ಲಿ ಬೇರೂರಿತು. ಅದು ಅವಸರದ ತೀರ್ಮಾನ. ದೊಡ್ಡ ಪ್ರದೇಶದಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುವ ಕಾರಿನ ಬಗ್ಗೆ ಮಾತ್ರ ಆ ಪ್ರಯೋಗ ಹೇಳಬಲ್ಲದು.

ಗಂಟು ಬಿಚ್ಚಿದ್ದು ಅದೇ ದೇಶದ ಮಿನಿಯಾಪೊಲಿಸ್ ನಗರ. ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಆ ನಗರದ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ಜೋಡಿಸಿದಾಗ, ಸುಮಾರು ಶೇ. 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿರುವುದು 1989ರಲ್ಲಿ ಪ್ರಕಟವಾಯಿತು. ಮುಂದೆ ಶರ್ಮನ್ ಮತ್ತು ಡೇವಿಡ್ ವೈಸ್‌ಬರ್ಡ್ ಅಂಥ 110 ತಾಣಗಳನ್ನು ಆರಿಸಿ, ಅವುಗಳಲ್ಲಿ ಅರ್ಧ ತಾಣಗಳಲ್ಲಿ ಗಸ್ತನ್ನು ಹೆಚ್ಚಿಸಿದರು. ಅಲ್ಲಿಂದ ಬರುವ ಅಪರಾಧದ ಕರೆಗಳು ಶೇ. 6ರಿಂದ 13ರಷ್ಟು ಇಳಿದವು. ಪೊಲೀಸರು ಒಂದೆಡೆ 10–15 ನಿಮಿಷ ನಿಂತು ಹೋದರೆ ಅದರ ಪರಿಣಾಮ ಅವರು ಹೋದ ಮೇಲೂ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಅದೇ ಮಾಹಿತಿಯಿಂದ ಕ್ರಿಸ್ಟೊಫರ್ ಕೋಪರ್ ತೋರಿಸಿದರು. ಅಪರಾಧ ಪಕ್ಕದ ಬೀದಿಗೆ ಸರಿಯುವುದಿಲ್ಲವೇ ಎಂಬ ಅನುಮಾನ ಸಹಜ. ಅಂಥ ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದವರಿಗೆ ಹಾಗೆ ಸರಿದದ್ದು ಸಾಮಾನ್ಯ ನಿಯಮವಾಗಿ ಕಂಡಿಲ್ಲ.

ಪರಿಣಾಮದ ಹರವು ಎಷ್ಟು ಕಿರಿದು ಎಂಬುದಕ್ಕೆ ಬ್ಯೂನಸ್ ಐರಿಸ್ ಸಾಕ್ಷಿ. 1994ರ ಜುಲೈ 18ರಂದು ಅಲ್ಲಿನ ಯಹೂದಿ ಕೇಂದ್ರದ ಮೇಲೆ ಬಾಂಬ್ ದಾಳಿಯಾದ ಮೇಲೆ ಯಹೂದಿ ಮತ್ತು ಮುಸ್ಲಿಂ ಸಂಸ್ಥೆಗಳ ಮುಂದೆ ಹಗಲಿರುಳು ಪೊಲೀಸರನ್ನು ನಿಲ್ಲಿಸಲಾಯಿತು. ಭಯೋತ್ಪಾದನೆ ತಡೆಯಲು ನಿಂತವರಿಂದ ಆ ಬೀದಿಗಳಲ್ಲಿ ಕಾರು ಕಳವು ಸುಮಾರು ಶೇ. 75ರಷ್ಟು ಇಳಿಯಿತು. ಒಂದೆರಡು ಬೀದಿ ಆಚೆಗೆ ಯಾವ ಇಳಿಕೆಯೂ ಇಲ್ಲ.

ನಮ್ಮ ದೇಶದ್ದೇ ಆದ ಒಳ್ಳೆಯ ಪುರಾವೆ ರಾಜಸ್ಥಾನದಲ್ಲಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು ಅಲ್ಲಿನ ಪೊಲೀಸರೊಂದಿಗೆ ಕುಡಿದು ವಾಹನ ಓಡಿಸುವವರನ್ನು ತಡೆಯುವ ನಾಕಾಬಂದಿಗಳ ಪ್ರಯೋಗ ನಡೆಸಿದರು. ದಿನವೂ ಒಂದೇ ಕಡೆ ಹಾಕಿದ ನಾಕಾಬಂದಿಯಿಂದ ಏನೂ ಪ್ರಯೋಜನವಾಗಲಿಲ್ಲ. ಕುಡಿದವರು ಪಕ್ಕದ ರಸ್ತೆ ಹಿಡಿದರು. ಜಾಗ ಬದಲಿಸುತ್ತ ಹೋದ ಕಡೆ ರಾತ್ರಿ ಅಪಘಾತಗಳು ಶೇ. 17ರಷ್ಟು, ಸಾವುಗಳು ಶೇ. 25ರಷ್ಟು ಇಳಿದವು. ಠಾಣೆಯ ಸಿಬ್ಬಂದಿಗಿಂತ ಪೊಲೀಸ್ ಲೈನಿನಿಂದ ಕರೆಸಿದ ಮೀಸಲು ಸಿಬ್ಬಂದಿ ಇದನ್ನು ಚೆನ್ನಾಗಿ ನಡೆಸಿದರು. ಜಾಗದ ಮೇಲೆ ಕಣ್ಣಿಡುವುದೆಂದರೆ ಒಂದೇ ವೃತ್ತದಲ್ಲಿ ಬ್ಯಾರಿಕೇಡ್ ಇಟ್ಟು ಕೂರುವುದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದೇ ರಾಜ್ಯದ ಮತ್ತೊಂದು ಅಧ್ಯಯನದಲ್ಲಿ ಸಮೀಕ್ಷಕರು ದೂರುದಾರರಂತೆ ಠಾಣೆಗೆ ಹೋಗಿ ಪ್ರಕರಣ ದಾಖಲಿಸಿಕೊಳ್ಳುತ್ತಾರೋ ಇಲ್ಲವೋ ನೋಡಿದರು. ಇಂಥ ಭೇಟಿಗಳಿಂದ ಠಾಣೆಗಳು ದೂರು ಸ್ವೀಕರಿಸುವುದು ಹೆಚ್ಚಿತು. ದೂರು ಬರೆದುಕೊಳ್ಳದ ಠಾಣೆಯ ವ್ಯಾಪ್ತಿಯಲ್ಲಿ ಕಾಗದದ ಮೇಲೆ ಅಪರಾಧ ಕಡಿಮೆಯೇ ಇರುತ್ತದೆ. ವಾರಂಟಿಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಬೇಕಾಗಿ ಬಂದದ್ದೇ ಈ ರೋಗ ಎಷ್ಟು ಹಳೆಯದು ಎಂಬುದಕ್ಕೆ ಪುರಾವೆ.

ಮದ್ರಾಸು 1947ರಲ್ಲಿ, ಮುಂಬೈ 1949ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಕೈಬಿಟ್ಟವು. ಕಾಯಿದೆಯನ್ನು ಪರಿಶೀಲಿಸಿದ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಂದು ಅದು ದೇಶದಲ್ಲೆಲ್ಲ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ಕರ್ನಾಟಕದ್ದು 1961ರದು. ಹೊಸ ಕಾಯಿದೆ ಪಂಗಡವನ್ನು ಬಿಟ್ಟು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ನೋಡುತ್ತದೆ, ಅಷ್ಟರಮಟ್ಟಿಗೆ ಸುಧಾರಣೆ. ಆದರೆ ಕಳವಾದ ಊರಿನಲ್ಲಿ ಮೊದಲು ಯಾರ ಗುಡಿಸಲಿಗೆ ಪೇದೆ ಹೋಗುತ್ತಾನೆ ಎಂದು ಹಿಂದಿನ ಅಧಿಸೂಚಿತ ಪಂಗಡಗಳವರನ್ನು ಕೇಳಿದರೆ ಹಳೆಯ ರೂಢಿ ಸಾಯಲಿಲ್ಲ ಎಂಬುದು ಗೊತ್ತಾಗುತ್ತದೆ. ಹಿಂದುಳಿದ ಸಮುದಾಯದವರ ಮೇಲೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯಬಾರದೆಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಎಚ್ಚರಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ವಿಮುಕ್ತ ಬುಡಕಟ್ಟುಗಳವರನ್ನು, ಅಂದರೆ ಹಿಂದಿನ ಅಧಿಸೂಚಿತ ಪಂಗಡಗಳವರನ್ನು, ಮನಬಂದಂತೆ ಬಂಧಿಸಕೂಡದು ಎಂದು ಪೊಲೀಸರಿಗೆ ನಿರ್ದೇಶನ ಕೊಟ್ಟಿತು.

ನಮ್ಮ ಪ್ರತಿ ಠಾಣೆಯಲ್ಲೂ ಈಗ ಎರಡು ಬಗೆಯ ಮಾಹಿತಿಯಿದೆ: ರೌಡಿ ಪಟ್ಟಿ, ಹಿಸ್ಟರಿ ಶೀಟುಗಳು ಒಂದು ಕಡೆ, ತುರ್ತು ಸಂಖ್ಯೆ 112ಕ್ಕೆ ಬಂದ ಕರೆಗಳು, ಅವುಗಳ ಸ್ಥಳ ಮತ್ತು ವೇಳೆ ಇನ್ನೊಂದು ಕಡೆ. ಒಂದು ಜಿಲ್ಲೆಯಲ್ಲಾದರೂ ಇವೆರಡನ್ನೂ ಪಕ್ಕಪಕ್ಕ ಇಟ್ಟು, ಯಾವುದರ ಆಧಾರದ ಗಸ್ತಿನಿಂದ ಕಳವು ಇಳಿಯಿತು ಎಂದು ಹೊರಗಿನ ಸಂಶೋಧಕರಿಂದ ಅಳೆಸಬೇಕು. ಹಾಗೆ ಅಳೆಯುವಾಗ ಠಾಣೆಯ ಅಂಕಿಯ ಜೊತೆಗೆ ಮನೆಮನೆಯ ಸಮೀಕ್ಷೆಯನ್ನೂ ಸೇರಿಸಬೇಕು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಈ ಕೆಲಸ ಮೊದಲಾದರೆ ಒಳ್ಳೆಯದು. ಹಾಜರಿ ಪುಸ್ತಕದ ಭಾರ ಹೊತ್ತವರ ಮೊಮ್ಮಕ್ಕಳು ಅಲ್ಲಿದ್ದಾರೆ, ಆ ಸಮೀಕ್ಷೆಯಲ್ಲಿ ಅವರ ಹೇಳಿಕೆಗೂ ಜಾಗ ಸಿಗಬೇಕು.