ಹೂದಾನಿಯ ಕೊರಳಲ್ಲೊಂದು ದಾನಶಾಸನ

ಶಾಸನ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಕಲ್ಲು, ತಾಮ್ರಪಟ. ಆದರೆ ಪಿಂಗಾಣಿಯ ಮೇಲೂ ತೇದಿ ಸಮೇತ ದಾನಶಾಸನ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಡೇವಿಡ್ ಹೂದಾನಿಗಳು ಎಂದೇ ಹೆಸರಾದ ಒಂದು ಚೀನೀ ಜೋಡಿ ಇದೆ. ಬೇರೆ ಬೇರೆ ಕೈ ಸೇರಿದ್ದ ಇವೆರಡನ್ನೂ ಕೊಂಡು ಒಂದುಗೂಡಿಸಿದವರು ಬಾಂಬೆಯಲ್ಲಿ ಹುಟ್ಟಿದ ಸರ್ ಪರ್ಸಿವಲ್ ಡೇವಿಡ್. ಎತ್ತರ ಸುಮಾರು 63 ಸೆಂಟಿಮೀಟರ್. ಬಿಳಿ ಮೈ, ನೀಲಿ ಚಿತ್ರ, ಆನೆತಲೆಯ ಹಿಡಿಕೆ, ಹೊಟ್ಟೆಯ ಸುತ್ತ ಮೋಡಗಳ ನಡುವೆ ಹೊರಳುವ ಡ್ರ್ಯಾಗನ್. ಎಲ್ಲರ ಕಣ್ಣೂ ಡ್ರ್ಯಾಗನ್ ಮೇಲೇ. ನಾವು ಸ್ವಲ್ಪ ಕೊರಳು ನೋಡೋಣ.

ಅಲ್ಲಿ ಬಾಳೆ ಎಲೆಗಳ ಅಲಂಕಾರದ ನಡುವೆ ಅಕ್ಷರಗಳ ಲಂಬ ಸಾಲುಗಳಿವೆ. ತಾತ್ಪರ್ಯ ಇಷ್ಟು: ಯೂಶಾನ್ ಸೀಮೆಯ ಹಳ್ಳಿಯೊಂದರ ಝಾಂಗ್ ವೆನ್‌ಜಿನ್ ಎಂಬ ಭಕ್ತ, ದೈವತ್ವಕ್ಕೇರಿದ ಸೇನಾಪತಿ ಹೂ ಜಿಂಗ್‌ಯಿಯ ಗುಡಿಗೆ ಒಂದು ಧೂಪಪಾತ್ರೆ, ಒಂದು ಜೋಡಿ ಹೂದಾನಿ ಅರ್ಪಿಸಿದ್ದಾನೆ. ಉದ್ದೇಶ, ಮನೆಮಂದಿಯ ರಕ್ಷಣೆ, ಮಕ್ಕಳ ಕ್ಷೇಮ. ಕಾಲ, ಝಿಝೆಂಗ್ ಆಳ್ವಿಕೆಯ 11ನೇ ವರ್ಷದ 4ನೇ ತಿಂಗಳು, ಶುಭದಿನ. ಅಂದರೆ ಕ್ರಿ.ಶ. 1351.

ದಾನಿ, ಅವನ ಊರು, ದೈವ, ದತ್ತಿ, ತೇದಿ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಇದೇನು ಹೊಸದಲ್ಲ. ಕೊನೆಯ ಶಾಪಾಶಯ ಒಂದಿಲ್ಲ ಅಷ್ಟೆ. ಮಕ್ಕಳ ಕ್ಷೇಮದ ಮಾತು ಬರೀ ಸಂಪ್ರದಾಯವೂ ಇರಬಹುದು. ಆದರೆ ಮಂಗೋಲರ ಯುವಾನ್ ಆಳ್ವಿಕೆಯ ವಿರುದ್ಧ ಕೆಂಪು ರುಮಾಲಿನವರ ದಂಗೆ ಎದ್ದದ್ದು ಅದೇ ವರ್ಷ. 1368ಕ್ಕೆ ಆ ರಾಜ್ಯವೇ ಮುಗಿಯಿತು.

ಈ ಬರಹದ ಬೆಲೆ ಗೊತ್ತಾದದ್ದು ತಡವಾಗಿ. ಇಷ್ಟು ಪಳಗಿದ ನೀಲಿ-ಬಿಳಿ ಕೆಲಸ ಮಿಂಗ್ ಕಾಲದ್ದೇ ಅಂತ ಹೆಚ್ಚಿನವರು ನಂಬಿದ್ದರು. 1929ರಲ್ಲಿ ಆರ್. ಎಲ್. ಹಾಬ್ಸನ್ ಇದನ್ನು ಪ್ರಕಟಿಸಿದರು. 1950ರ ದಶಕದಲ್ಲಿ ಜಾನ್ ಪೋಪ್ ಈ ಜೋಡಿಯನ್ನೇ ಅಳತೆಗೋಲು ಮಾಡಿಕೊಂಡು, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲೂ ಇರಾನಿನ ಅರ್ದಬೀಲ್ ಸಂಗ್ರಹದಲ್ಲೂ ಇದ್ದ ಪಾತ್ರೆಗಳ ಕಾಲ ಗುರುತಿಸಿದರು.

ಕಲ್ಲಿನ ಮೇಲೆ ಇನ್ನೂರು ವರ್ಷ ಬಿಟ್ಟು ಯಾರಾದರೂ ಒಂದು ಸಾಲು ಕೆತ್ತಬಹುದು. ಇಲ್ಲಿ ಆಗಲ್ಲ. ಕೋಬಾಲ್ಟ್ ನೀಲಿಯಲ್ಲಿ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿಯಲ್ಲಿ ಸುಟ್ಟ ಮೇಲೆ ಅಕ್ಷರ ಒಳಗೇ ಸೆರೆ. ಪಾತ್ರೆಗೆ ಎಷ್ಟು ವಯಸ್ಸೋ ಬರಹಕ್ಕೂ ಅಷ್ಟೇ.

ಇನ್ನು ಡ್ರ್ಯಾಗನ್. ಅದರ ಉಗುರು ಎಣಿಸಿ ನೋಡಿ, ನಾಲ್ಕು. 1314ರ ಯುವಾನ್ ಕಟ್ಟಳೆಯಲ್ಲಿ ಡ್ರ್ಯಾಗನ್ ಅಂದರೆ ಐದು ಉಗುರು, ಎರಡು ಕೊಂಬು ಇರುವಂಥದ್ದು ಎಂಬ ವಿವರಣೆಯೇ ಇದೆ. ಅದನ್ನು ಕಂಡಕಂಡವರು ಬಳಸುವಂತಿರಲಿಲ್ಲ. ಗುಡಿಗೆ ಕೊಟ್ಟ ಡ್ರ್ಯಾಗನ್‌ಗೆ ಒಂದು ಉಗುರು ಕಡಿಮೆ.

ಮುಂದೆ ಮಿಂಗ್ ಅರಮನೆಗಾಗಿ ಜಿಂಗ್‌ಡೆಝೆನ್‌ನಲ್ಲಿ ತಯಾರಾದ ಪಾತ್ರೆಗಳಲ್ಲಿ ಐದುಗುರಿನ ಡ್ರ್ಯಾಗನ್ ಮೆರೆಯುತ್ತೆ. ಕುಂದಿರುವ ಪಾತ್ರೆಗಳನ್ನು ಒಡೆದು ಅಲ್ಲೇ ಹೂಳುತ್ತಿದ್ದರು. ಆ ಚೂರುಗಳ ರಾಶಿಯನ್ನು ಈಗ ಅಗೆದು ತೆಗೆದಿದ್ದಾರೆ. ಇಂಥ ಪಾತ್ರೆಗಳ ತಳದಲ್ಲೋ ಅಂಚಿನಲ್ಲೋ ಆರು ಅಕ್ಷರದ ರಾಜಮುದ್ರೆ: 'ಮಹಾ ಮಿಂಗ್ ಶುಆಂಡೆ ಕಾಲದಲ್ಲಿ ಮಾಡಿದ್ದು' ಎಂಬರ್ಥದ್ದು. ಶುಆಂಡೆಯ ಕಾಲ 1426ರಿಂದ 1435. ಪೂರ್ತಿ ಅಧಿಕೃತ. ಆದರೂ ಈ ಮುದ್ರೆಯನ್ನು ಕಣ್ಣುಮುಚ್ಚಿ ನಂಬಬಾರದು. ಚಿಂಗ್ ದೊರೆ ಕಾಂಗ್‌ಶಿಯ ಕಾಲದಲ್ಲಿ ಹಳೆಯ ಮಿಂಗ್ ದೊರೆಗಳ ಹೆಸರು ಹಾಕಿದ ಪಾತ್ರೆಗಳು ಬೇಕಾದಷ್ಟು ಬಂದವು. 1677ರಲ್ಲಿ ಅಲ್ಲಿನ ಅಧಿಕಾರಿ ಝಾಂಗ್ ಚಿಝೊಂಗ್ ಆಳುವ ದೊರೆಯ ಹೆಸರನ್ನು ಪಾತ್ರೆಗೆ ಹಾಕಬಾರದೆಂದ. ಪಾತ್ರೆ ಒಡೆದರೆ ಹೆಸರಿಗೆ ಅಪಚಾರವಲ್ಲವೇ! ಈ ನಕಲು ಮುದ್ರೆಗಳೂ ಲೇಪದ ಕೆಳಗೇ ಇವೆ. ಅಂದರೆ ಬರಹಕ್ಕೂ ಪಾತ್ರೆಗೂ ಒಂದೇ ವಯಸ್ಸು, ಹೇಳುವ ಕಾಲ ಮಾತ್ರ ಬೇರೆ. ಎಲ್ಲವೂ ಮೋಸಕ್ಕೆ ಮಾಡಿದ್ದಲ್ಲ, ಕೆಲವು ಹಿರಿಯರ ಮೇಲಿನ ಗೌರವಕ್ಕೆ. ಹಾಗಾಗಿ ಕೂಟಶಾಸನ ಅನ್ನೋಕೂ ಮನಸ್ಸು ಬರಲ್ಲ. ಒಟ್ಟಿನಲ್ಲಿ ಕಾಲನಿರ್ಣಯಕ್ಕೆ ಆರು ಅಕ್ಷರದ ರಾಜಮುದ್ರೆಗಿಂತ ಝಾಂಗ್ ವೆನ್‌ಜಿನ್‌ನ ಉದ್ದನೆಯ ಅರಿಕೆಯೇ ನನಗೆ ಹೆಚ್ಚು ಭರವಸೆಯದು.

ಅವನು ಕೊಟ್ಟದ್ದು ಮೂರು ವಸ್ತು. ಉಳಿದಿರುವುದು ಎರಡು. ಧೂಪಪಾತ್ರೆ ಇನ್ನೂ ಸಿಕ್ಕಿಲ್ಲ.