‘ಪ್ರಿಂಟ್’ ಎಂಬ ಆಜ್ಞೆಯ ಪೂರ್ವಚರಿತ್ರೆ

ವಸ್ತುವು ಮರೆಯಾದ ಮೇಲೂ ಅದರ ಹೆಸರು ಬಳಕೆಯಲ್ಲಿ ಉಳಿಯುವುದುಂಟು. ಗಣಕಯಂತ್ರದ ಬೇಸಿಕ್ ಭಾಷೆಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸುವ ಆಜ್ಞೆಗೆ ‘ಪ್ರಿಂಟ್’, ಎಂದರೆ ‘ಅಚ್ಚುಮಾಡು’, ಎಂಬ ಹೆಸರಿರುವುದು ಇದಕ್ಕೆ ನಿದರ್ಶನ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಇವರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳಿಗೂ ಗಣಕಯಂತ್ರವು ಎಟುಕಬೇಕೆಂದು ಈ ಭಾಷೆಯನ್ನು ರೂಪಿಸಿದರು. 1964ರ ಮೇ 1ರ ಬೆಳಗಿನ ಜಾವ ಅದು ಮೊದಲಿಗೆ ಕೆಲಸಮಾಡಿತು. ಅಂದು ವಿದ್ಯಾರ್ಥಿಯ ಮುಂದಿದ್ದುದು ಪರದೆಯಲ್ಲ, ಟೆಲಿಟೈಪ್ ಯಂತ್ರ. ಉತ್ತರವು ಕಾಗದದ ಸುರುಳಿಯ ಮೇಲೆ ನಿಜವಾಗಿಯೂ ಅಚ್ಚಾಗಿ ಬರುತ್ತಿತ್ತು. ಸಾಲನ್ನು 15 ಅಕ್ಷರಗಳ ಅಗಲದ 5 ಅಂಕಣಗಳಾಗಿ ವಿಭಾಗಿಸಿದ್ದರು. ಆಜ್ಞೆಯಲ್ಲಿ ಅಲ್ಪವಿರಾಮವಿಟ್ಟರೆ ಯಂತ್ರವು ಮುಂದಿನ ಅಂಕಣಕ್ಕೆ ಸಾಗುತ್ತಿತ್ತು.

1977ರಲ್ಲಿ ಆಪಲ್ 2, ಕೊಮೊಡೋರ್ ಪೆಟ್, ಟಿಆರ್‌ಎಸ್-80 ಎಂಬ ಸಣ್ಣ ಯಂತ್ರಗಳು ಮಾರಾಟಕ್ಕೆ ಬಂದುವು. ಕಾಗದದ ಸ್ಥಾನಕ್ಕೆ ಪರದೆ ಬಂದಿತು. ಆಜ್ಞೆಯ ಹೆಸರು ಬದಲಾಗಲಿಲ್ಲ. ಆದರೆ ನಷ್ಟವೊಂದು ಆಗದೆ ಇರಲಿಲ್ಲ. ಕಾಗದದ ಮೇಲೆ ತಪ್ಪೂ ಒಪ್ಪೂ ಉಳಿಯುತ್ತಿದ್ದುವು. ವಿದ್ಯಾರ್ಥಿಯು ಅವನ್ನು ಕೊಂಡೊಯ್ದು ಬಿಡುವಾಗಿ ಪರಿಶೀಲಿಸಬಹುದಿತ್ತು. ಪರದೆ ತುಂಬಿದೊಡನೆ ಮೇಲಿನ ಸಾಲು ಅಳಿದುಹೋಗುವುದು. ಕಾಗದದ ಮೇಲೆ ಅಚ್ಚುಮಾಡಲು ಟಿಆರ್‌ಎಸ್-80ರ ಲೆವೆಲ್ 2 ಬೇಸಿಕ್‌ನಲ್ಲಿ ‘ಎಲ್‌ಪ್ರಿಂಟ್’ ಎಂಬ ಬೇರೊಂದು ಆಜ್ಞೆಯೇ ಬೇಕಾಯಿತು. ಹೀಗೆ ಮೂಲಾರ್ಥವು ನೆರೆಯ ಶಬ್ದಕ್ಕೆ ಸಂದಿತು; ಮೂಲಶಬ್ದವು ಕಾಗದದ ಕಾಲದ ನೆನಪನ್ನು ಮಾತ್ರ ಹೊತ್ತು ಉಳಿಯಿತು.